ಬಣ್ಣ ಬಂದ ಗೆಂಡೆಯ ಭಾಗ್ಯ

ಚಿಕ್ಕಮಗಳೂರಿನಲ್ಲಿ ಈಗ ಹೋಂಸ್ಟೇ ಮಾಡಬೇಕಾದರೆ ಬೆಟ್ಟದ ನೋಟ, ಅಕ್ಕಿರೊಟ್ಟಿ, ಕ್ಯಾಂಪ್‌ಫೈರ್ ಇದ್ದರೆ ಸಾಲದು. ಅಂಗಳದಲ್ಲಿ ಕೋಯಿ ಕೊಳ ಬೇಕು. ಮುಳ್ಳಯ್ಯನಗಿರಿಯ ಮಂಜು ಒಂದೊಂದು ದಿನ ಕೈಕೊಡುತ್ತದೆ. ಕೋಯಿ ಹಾಗಲ್ಲ, ಸೆಲ್ಫಿಗೆ ಯಾವಾಗಲೂ ರೆಡಿ.

ಯಾರಪ್ಪಾ ಈ ಕೋಯಿ ಅಂದರೆ, ನಮ್ಮ ಸಂತೆಯಲ್ಲಿ ಕೆಜಿ ಲೆಕ್ಕದಲ್ಲಿ ತೂಗುವ ಗೆಂಡೆ ಮೀನಿನ ಹತ್ತಿರದ ನೆಂಟ. ಜಪಾನಿನ ನೀಗಾಟಾ ಕಡೆಯ ಬೆಟ್ಟದ ರೈತರು ಚಳಿಗಾಲದ ಊಟಕ್ಕೆಂದು ಗೆಂಡೆ ಸಾಕುತ್ತಿದ್ದರು. 19ನೇ ಶತಮಾನದಲ್ಲಿ ಕೆಲವಕ್ಕೆ ಕೆಂಪು, ಬಿಳಿ ಬಣ್ಣ ಕಂಡಿತು. ಅವನ್ನು ತಿನ್ನದೆ ಉಳಿಸಿ ತಳಿ ಬೆಳೆಸಿದರು. 1914ರಲ್ಲಿ ಟೋಕಿಯೋದ ವಸ್ತುಪ್ರದರ್ಶನಕ್ಕೆ ಹೋಗಿ ಬಂದ ಮೇಲಂತೂ ಅವುಗಳ ಗತ್ತೇ ಬೇರೆಯಾಯಿತು. ಬಣ್ಣ ಇದ್ದವರಿಗೆ ಕೊಳ, ಇಲ್ಲದವರಿಗೆ ಬಾಣಲೆ. ಇದು ಮೀನಿನ ಲೋಕದ ಪದ್ಧತಿ ಮಾತ್ರ ಅನ್ನುವವರು ಯಾವುದಾದರೂ ಮದುವೆ ಬ್ರೋಕರ್‌ನ ಕೇಳಿ ನೋಡಲಿ.

2018ರಲ್ಲಿ ಹಿರೋಷಿಮಾದ ಹರಾಜಿನಲ್ಲಿ ಒಂದೇ ಒಂದು ಕೋಯಿ 20.3 ಕೋಟಿ ಯೆನ್‌ಗೆ ಹೋಯಿತು. ಈ ಸುದ್ದಿಯನ್ನು ಯಾರೋ ನಮ್ಮ ಕಾಫಿ ಪ್ಲಾಂಟರ್ ಒಬ್ಬರ ಕಿವಿಗೆ ಹಾಕಿದರು. ಅವರ ಲೆಕ್ಕ ಯಾವತ್ತೂ ಎಕರೆಯಲ್ಲೇ ಅಲ್ವಾ? "ಮಾರಾಯ್ರೆ, ಒಂದು ಮೀನಿಗೆ ಎಷ್ಟು ಎಕರೆ ರೋಬಸ್ಟಾ ಬರ್ತದೆ!" ಎನ್ನುತ್ತಾ ಬ್ರೀಡಿಂಗ್‌ಗೆ ಇಳಿದೇಬಿಟ್ಟರು. ಹೆಣ್ಣು ಮೀನು ಲಕ್ಷಗಟ್ಟಲೆ ಮೊಟ್ಟೆ ಇಟ್ಟಿತು. ಇವರು ಯೆನ್ ಎಣಿಸುತ್ತಾ ಕೂತರು. ಮರಿಗಳು ಗೇಣುದ್ದ ಬೆಳೆದ ಮೇಲೆ ನೋಡಿದರೆ ಮುಕ್ಕಾಲುವಾಸಿ ಮಣ್ಣಿನ ಬಣ್ಣ! ಕೋಯಿಯ ಕಥೆಯೇ ಇಷ್ಟು. ಅಪ್ಪ ಅಮ್ಮ ಎಷ್ಟೇ ಚೆಂದ ಇದ್ದರೂ ಮಕ್ಕಳ ಬಣ್ಣಕ್ಕೆ ಗ್ಯಾರಂಟಿ ಇಲ್ಲ. ಜಪಾನಿನವರೂ ಮರಿಗಳನ್ನು ಮತ್ತೆ ಮತ್ತೆ ಆರಿಸಿ ಒಂದಿಷ್ಟನ್ನೇ ಇಟ್ಟುಕೊಳ್ಳುತ್ತಾರೆ. ನಮ್ಮ ಪ್ಲಾಂಟರ್ ಬೇಡವೆಂದ ಮೀನುಗಳು ಎಲ್ಲಿ ಹೋದವು ಅಂತ ಕೇಳಬೇಡಿ. ಆ ತಿಂಗಳು ತೋಟದ ಕೆಲಸಗಾರರ ಲೈನ್ ಮನೆಗಳ ಕಡೆಯಿಂದ ಒಳ್ಳೇ ಮಸಾಲೆ ಘಮ ಬರುತ್ತಿತ್ತು.

ಇನ್ನು ಉಳಿದ ಭಾಗ್ಯವಂತರ ಸಂಸಾರ. ಅವುಗಳ ಹೊಲಸಿನಿಂದ ಹುಟ್ಟುವ ಅಮೋನಿಯಾ ಅವುಗಳಿಗೇ ವಿಷ. ಅದನ್ನು ಅರಗಿಸುವ ಬ್ಯಾಕ್ಟೀರಿಯಾಕ್ಕೆ ಫಿಲ್ಟರ್ ಎಂಬ ಮನೆ. ನೀರು ಹಸಿರಾಗದಂತೆ ಯುವಿ ದೀಪ. ಉಸಿರಿಗೆ ಏರ್ ಪಂಪ್. ಬಣ್ಣ ಏರಲು ಸ್ಪಿರುಲಿನಾ ಎಂಬ ಪಾಚಿ ಬೆರೆಸಿದ ತಿಂಡಿ. ಕಾಂಪೌಂಡಿನ ಆಚೆ ಮನೆಗಳಿಗೆ ಮಳೆಗಾಲದಲ್ಲಿ ನಲ್ಲಿಯಲ್ಲೇ ಕಾಫಿ ಬರುತ್ತದೆ, ಹಾಲು ಸಕ್ಕರೆ ಹಾಕಿಕೊಂಡರೆ ಆಯಿತು. ಇದೇ ಜಿಲ್ಲೆಯ ಶೃಂಗೇರಿಯಲ್ಲಿ ತುಂಗೆಯ ದೊಡ್ಡ ದೊಡ್ಡ ಮೀನುಗಳು ಭಕ್ತರು ಎಸೆಯುವ ಮಂಡಕ್ಕಿ ತಿಂದು ಸುಮ್ನೆ ಆರಾಮಾಗಿವೆ. ಪಾಪ, ಅವುಗಳಿಗೆ ಯುವಿ ದೀಪದ ಸುಖ ಗೊತ್ತಿಲ್ಲ.

ಮೊನ್ನೆ ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋಯಿತು. ಬೆಂಗಳೂರಿನಿಂದ ಬಂದಿದ್ದ ಗೆಸ್ಟ್ ಒಬ್ಬರು ಕತ್ತಲಲ್ಲಿ ತಡಕಾಡುತ್ತಾ, "ಜನರೇಟರ್ ಸದ್ದು ಕೇಳ್ತಿದೆಯಲ್ಲ, ರೂಮಿಗೆ ಲೈಟ್ ಯಾಕಿಲ್ಲ?" ಎಂದರು.

ಮ್ಯಾನೇಜರ್ ಕ್ಯಾಂಡಲ್ ಕೊಡುತ್ತಾ ವಿನಯದಿಂದ ಹೇಳಿದ, "ಅದು ಮೀನಿಗೆ ಸರ್. ಪಂಪ್ ನಿಂತ್ರೆ ಬೆಳಗ್ಗೆ ತೇಲ್ತಾವೆ. ನೀವು ಹೇಗಾದ್ರೂ ಉಸಿರಾಡ್ತೀರಲ್ಲ."