ಸ್ಟೀರಿಂಗ್ ಹಿಡಿದವನೊಬ್ಬನೇ ಹೊಣೆಯಾ?

ಬಸ್ ಅಪಘಾತದ ಸುದ್ದಿ ಬಂದ ಕೂಡಲೇ ನಾವೆಲ್ಲ ಮೊದಲು ಕೇಳುವುದು ಡ್ರೈವರ್ ಬಗ್ಗೆ. ಕುಡಿದಿದ್ದನಾ? ಮೊಬೈಲ್ ನೋಡುತ್ತಿದ್ದನಾ? ಸಿಕ್ಕಿದನಾ, ಓಡಿಹೋದನಾ? ನಾನೂ ಹಾಗೇ ಕೇಳುತ್ತಿದ್ದೆ. ನಮ್ಮಕ್ಕನಿಗೆ ಪೆಟ್ಟಾದ ಮೇಲೆ ಇಷ್ಟು ಕೇಳಿದರೆ ಸಾಲದು ಅನ್ನಿಸಿದೆ.

ಅಕ್ಕ ಬಸ್ಸಿನಲ್ಲಿ ನಿಂತಿದ್ದಳು. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಬಸ್ಸು ಯಾವುದಕ್ಕೂ ಗುದ್ದಲಿಲ್ಲ, ಒಂದು ಗಾಜೂ ಒಡೆಯಲಿಲ್ಲ. ಅಕ್ಕ ಮಾತ್ರ ಮುಂದಕ್ಕೆ ಮುಗ್ಗರಿಸಿ ಕಂಬಿಗೆ ಅಪ್ಪಳಿಸಿದಳು. ಬಲ ಭುಜದ ಮೂಳೆ ಮುರಿಯಿತು. ಅವಳನ್ನು ಕೆಳಗಿಳಿಸುವಾಗ ಡ್ರೈವರ್ ಕೈ ಮುಗಿದು, "ನಿನ್ನೆಯಿಂದ ಸರಿಯಾಗಿ ಮಲಗಿಲ್ಲ ಅಕ್ಕಾ, ಇದು ಎರಡನೇ ಡ್ಯೂಟಿ" ಅಂದನಂತೆ.

ಮೂರನೇ ದಿನ ಬಸ್ಸಿನ ಮಾಲೀಕರ ಕಡೆಯಿಂದ ಇಬ್ಬರು ಆಸ್ಪತ್ರೆಗೆ ಬಂದರು. ತುಂಬಾ ಮೆತ್ತಗೆ ಮಾತಾಡಿದರು. "ಡ್ರೈವರನ್ನ ಕೆಲಸದಿಂದ ತೆಗೆದಿದ್ದೀವಿ ಅಮ್ಮಾ, ಅವನದೇ ತಪ್ಪು" ಅಂದರು. ಒಂದಷ್ಟು ಹಣ ಮುಂದಿಟ್ಟು, ಜೊತೆಗೊಂದು ಕಾಗದ ಕೊಟ್ಟರು. ಇಷ್ಟಕ್ಕೇ ಒಪ್ಪಿದ್ದೇನೆ, ಇನ್ನು ಮುಂದೆ ಏನೂ ಕೇಳುವುದಿಲ್ಲ ಅಂತ ಅದರಲ್ಲಿ ಬರೆದಿತ್ತು. ಅಕ್ಕ ನೋವಿನಲ್ಲಿದ್ದಳು, ಸಹಿ ಹಾಕಿಬಿಡುತ್ತಿದ್ದಳು. ಆಗ ಭಾವ ಒಂದೇ ಮಾತು ಕೇಳಿದರು: "ಅವನು ಆವತ್ತು ಎಷ್ಟು ಗಂಟೆಯಿಂದ ಗಾಡಿ ಓಡಿಸ್ತಿದ್ದ?" ಬಂದವರು ಉತ್ತರ ಕೊಡಲಿಲ್ಲ. ಸಹಿ ಆಗಲಿಲ್ಲ.

ನನ್ನ ಮಾತು ಇಷ್ಟೇ. ಎಲ್ಲ ಸಿಟ್ಟನ್ನೂ ಡ್ರೈವರ್ ಮೇಲೆ ಹಾಕಿದರೆ ಅವನನ್ನು ಆ ಸೀಟಿನಲ್ಲಿ ಕೂರಿಸಿದವರು ತಪ್ಪಿಸಿಕೊಳ್ಳುತ್ತಾರೆ. ಕಾನೂನು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದೆ.

ಕುದುರೆ ಎಳೆಯುವ ಬಸ್ಸುಗಳ ಕಾಲದ ಒಂದು ಕೇಸ್ ಇದೆ. 1862, ಇಂಗ್ಲೆಂಡ್. ಲಂಡನ್ ಜನರಲ್ ಆಮ್ನಿಬಸ್ ಕಂಪನಿಯ ಚಾಲಕ ಎದುರಾಳಿ ಕಂಪನಿಯ ಬಸ್ಸಿಗೆ ಅಡ್ಡ ಹಾಕಲು ಹೋಗಿ ಅದನ್ನು ಉರುಳಿಸಿದ. ರೇಸ್ ಮಾಡಬೇಡಿ, ಬೇರೆ ಬಸ್ಸಿಗೆ ಅಡ್ಡ ಹೋಗಬೇಡಿ ಅಂತ ನಾವು ಬರೆದೇ ಕೊಟ್ಟಿದ್ದೆವು ಅಂತ ಕಂಪನಿ ವಾದಿಸಿತು. ಕೋರ್ಟ್ ಒಪ್ಪಲಿಲ್ಲ. ಅವನು ನಿಮ್ಮ ಕೆಲಸ ಮಾಡುತ್ತಲೇ ಹಾಗೆ ಮಾಡಿದ, ಹಾಗಾಗಿ ಹೊಣೆ ನಿಮ್ಮದು ಅಂದಿತು. ಬೇಡ ಅಂತ ಚೀಟಿ ಕೊಟ್ಟ ಮಾತ್ರಕ್ಕೆ ಮಾಲೀಕ ಕೈ ತೊಳೆದುಕೊಳ್ಳುವಂತಿಲ್ಲ. ಇದಕ್ಕೊಂದು ಗಡಿಯೂ ಇದೆ. 1900ರ ಇನ್ನೊಂದು ಕೇಸಿನಲ್ಲಿ ಡ್ರೈವರ್ ಇಲ್ಲದಾಗ ಕಂಡಕ್ಟರ್ ತಾನೇ ಬಸ್ ಓಡಿಸಿ ಒಬ್ಬರಿಗೆ ಪೆಟ್ಟು ಮಾಡಿದ. ಅದು ಅವನ ಕೆಲಸವೇ ಅಲ್ಲ ಅಂತ ಇದೇ ಕಂಪನಿ ಹೊಣೆಯಿಂದ ಪಾರಾಯಿತು.

ನನ್ನನ್ನು ಜಾಸ್ತಿ ಕಾಡಿದ್ದು 1950ರ ತೀರ್ಪು. ಬ್ರಿಟನ್ನಿನ ಸೌತ್ ವೇಲ್ಸ್‌ನಲ್ಲಿ ಒಂದು ಬಸ್ಸಿನ ಟೈರ್ ಸಿಡಿಯಿತು. ಬಸ್ ರಸ್ತೆ ದಾಟಿ ಆಚೆ ಕೆಳಗೆ ಬಿತ್ತು. ಗಂಡನನ್ನು ಕಳೆದುಕೊಂಡ ಹೆಂಗಸು ಕಂಪನಿಯ ಮೇಲೆ ಕೇಸ್ ಹಾಕಿದಳು. ಟೈರ್ ಸಿಡಿದರೆ ಯಾರು ಏನು ಮಾಡಲಾದೀತು, ಅಲ್ವಾ? ನಾವಾಗಿದ್ದರೆ ಹಣೆಬರಹ ಅಂದು ಸುಮ್ಮನಾಗುತ್ತಿದ್ದೆವು. ಆದರೆ ತಜ್ಞರು ನೋಡಿದಾಗ ಆ ಟೈರಿಗೆ ಮೊದಲೇ ಜೋರಾಗಿ ಪೆಟ್ಟು ಬಿದ್ದು ಒಳಪದರ ಹಾಳಾಗಿತ್ತು ಅಂತ ಗೊತ್ತಾಯಿತು. ಹೊರಗಿಂದ ಅದು ಕಾಣುವಂತಿರಲಿಲ್ಲ. ಆದರೆ ಟೈರಿಗೆ ಅಂಥ ಪೆಟ್ಟು ಬಿದ್ದರೆ ಬಂದು ಹೇಳಬೇಕು ಅಂತ ಡ್ರೈವರ್‌ಗಳಿಗೆ ಕಂಪನಿ ಕಲಿಸಿರಲೇ ಇಲ್ಲ. ತಪ್ಪು ಅಲ್ಲಿದೆ ಅಂತ ಆಗ ಬ್ರಿಟನ್ನಿನ ಅತಿ ದೊಡ್ಡ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಹೇಳಿತು. ಅಪಘಾತ ನಡೆದದ್ದು ರಸ್ತೆಯಲ್ಲಿ, ಅದರ ಬೇರು ಇದ್ದದ್ದು ಡಿಪೋದಲ್ಲಿ.

ನಿದ್ದೆಯ ಮಾತೂ ಹೀಗೆಯೇ. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ದೂರದ ಬಸ್ಸಿನ ಡ್ರೈವರ್ ಸಾಮಾನ್ಯವಾಗಿ ದಿನಕ್ಕೆ 9 ಗಂಟೆ ಮಾತ್ರ ಓಡಿಸಬಹುದು. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು ಕೊಡಲೇಬೇಕು. ಇದನ್ನೆಲ್ಲ ಟ್ಯಾಕೋಗ್ರಾಫ್ ಅನ್ನುವ ಯಂತ್ರ ದಾಖಲಿಸುತ್ತದೆ. ಭಾರತದಲ್ಲೂ 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅನ್ನುತ್ತಿತ್ತು. ಡ್ಯೂಟಿ ಹಾಕುವುದು ಡ್ರೈವರ್ ಅಲ್ಲ. ಎರಡನೇ ಡ್ಯೂಟಿಗೆ ಹೋಗಲ್ಲ ಅಂದರೆ ನಾಳೆ ಕೆಲಸ ಇರುತ್ತದೋ ಇಲ್ಲವೋ ಅನ್ನುವ ಭಯ ಅವನಿಗೆ. ಅವನ ತಪ್ಪೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಅವನೂ ಹೊಣೆಗಾರನೇ. ಆದರೆ ಪರಿಹಾರ ಕೊಡುವ ಶಕ್ತಿ ಇರುವುದು, ನಾಳೆ ಇದೇ ಆಗದಂತೆ ಬದಲಾಯಿಸುವ ಶಕ್ತಿ ಇರುವುದು ಅವನಿಗಲ್ಲ.

ಕಷ್ಟ ಏನು ಗೊತ್ತಾ? ಸಾಕ್ಷಿಯೆಲ್ಲ ಇರುವುದು ಮಾಲೀಕರ ಕೈಯಲ್ಲೇ. ಡ್ಯೂಟಿ ಪುಸ್ತಕ, ಬ್ರೇಕ್ ಯಾವಾಗ ರಿಪೇರಿ ಆಯಿತು ಅನ್ನುವ ದಾಖಲೆ, ಜಿಪಿಎಸ್, ಬಸ್ಸಿನೊಳಗಿನ ಸಿಸಿಟಿವಿ, ಎಲ್ಲವೂ. ಹಳೆಯ ವಿಡಿಯೋ ಮೇಲೆ ಹೊಸದು ತಾನಾಗಿಯೇ ಬಂದು ಕೂರುತ್ತದೆ. ಕೆಲವು ದಿನ ತಡವಾದರೂ ಕೈ ತಪ್ಪುತ್ತದೆ. ಹಾಗಾಗಿ ಇವನ್ನು ಅಳಿಸಬೇಡಿ ಅಂತ ಆದಷ್ಟು ಬೇಗ ಬರೆದು ಕೊಡಬೇಕು. ಬಾಯಲ್ಲಿ ಹೇಳಿದರೆ ಸಾಲದು. ಕೊಟ್ಟದ್ದಕ್ಕೆ ಗುರುತೂ ಇಟ್ಟುಕೊಳ್ಳಬೇಕು. ಟಿಕೆಟ್ ಬಿಸಾಡಬೇಡಿ. ಜೊತೆಗಿದ್ದ ಪ್ರಯಾಣಿಕರ ನಂಬರ್ ತೆಗೆದುಕೊಳ್ಳಿ. ಅಕ್ಕನಂಥ ಪ್ರಕರಣದಲ್ಲಿ ಇದು ಇನ್ನೂ ಮುಖ್ಯ. ಬ್ರೇಕ್ ಹಾಕಿದ್ದೇ ತಪ್ಪಾಗುವುದಿಲ್ಲ. ಮಗು ಅಡ್ಡ ಬಂದಿದ್ದರೆ ಹಾಕಲೇಬೇಕಿತ್ತು. ಯಾಕೆ ಹಾಕಿದ ಅನ್ನುವುದನ್ನು ಯಾರಾದರೂ ಕಣ್ಣಾರೆ ಕಂಡು ಹೇಳಬೇಕು.

ಪರಿಹಾರ ಕೇಳಿ ಕೇಸ್ ಹಾಕುವ ಗಡುವಿನ ವಿಷಯದಲ್ಲಿ ಒಂದೊಂದು ದೇಶ ಒಂದೊಂದು ರೀತಿ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 3 ವರ್ಷ. ಅಮೆರಿಕದ ನ್ಯೂಯಾರ್ಕ್‌ನಲ್ಲಿ ಬಸ್ಸು ಸರ್ಕಾರಿ ಸಂಸ್ಥೆಯದಾದರೆ ಸಾಮಾನ್ಯವಾಗಿ 90 ದಿನದೊಳಗೆ ನೋಟಿಸ್ ಕೊಡಬೇಕು. ಭಾರತದಲ್ಲಿ 1994ರಲ್ಲಿ ಗಡುವನ್ನೇ ತೆಗೆದುಹಾಕಿದ್ದರು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ ಅದನ್ನು 6 ತಿಂಗಳು ಅಂತ ವಾಪಸ್ ತಂದಿತು, 2022ರ ಏಪ್ರಿಲ್ 1ರಿಂದ ಜಾರಿಯಾಯಿತು. ಮೂಳೆ ಮುರಿದು ಮಲಗಿದವರಿಗೆ ಆರು ತಿಂಗಳು ಏನೇನೂ ಅಲ್ಲ. ಇದು ನನಗೆ ಅನ್ಯಾಯ ಅಂತಲೇ ಅನ್ನಿಸುತ್ತದೆ.

ಆ ಕಾಗದಕ್ಕೆ ಅಷ್ಟು ಬೇಗ ಸಹಿ ಹಾಕಬಾರದು ಅನ್ನಲು ಇನ್ನೊಂದು ಕಾರಣ ಇದೆ. ಮೂರನೇ ದಿನಕ್ಕೆ ಗಾಯದ ಪೂರ್ತಿ ಲೆಕ್ಕ ಯಾರಿಗೂ ಗೊತ್ತಿರುವುದಿಲ್ಲ. ಅಕ್ಕ ಬಟ್ಟೆ ಹೊಲಿದು ಬದುಕುವವಳು. ಮೂಳೆ ಕೂಡಿದೆ ಅಂದರು ಡಾಕ್ಟರು. ಆದರೆ ತೋಳು ಭುಜಕ್ಕಿಂತ ಮೇಲೆ ಏಳುತ್ತಿಲ್ಲ. ಕತ್ತರಿ ಹಿಡಿದು ಹತ್ತು ನಿಮಿಷ ಆದರೆ ಬೆರಳು ಜೋಮು ಹಿಡಿಯುತ್ತದೆ. 2010ರಲ್ಲಿ ಭಾರತದ ಸುಪ್ರೀಂ ಕೋರ್ಟ್ ರಾಜ್ ಕುಮಾರ್ ಕೇಸಿನಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದೆ. ಎಡಗೈ ಹೋದರೆ ಗುಮಾಸ್ತನ ಕೆಲಸ ಉಳಿಯಬಹುದು, ಬಡಗಿಯ ಅಥವಾ ಡ್ರೈವರ್‌ನ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ. ಡಾಕ್ಟರ್ ಬರೆದ ಶೇಕಡಾವಾರು ಒಂದು, ದುಡಿಮೆಗೆ ಬಿದ್ದ ಪೆಟ್ಟು ಇನ್ನೊಂದು. ಪರಿಹಾರ ಕೇಳುವವರನ್ನು "ದುಡ್ಡಿಗೆ ಬಿದ್ದರು" ಅನ್ನುವವರು ಈ ಎರಡನೆಯದನ್ನು ಒಂದು ಸಲ ಹತ್ತಿರದಿಂದ ನೋಡಬೇಕು.

ಅಕ್ಕನ ಕೇಸ್ ಇನ್ನೂ ನಡೆಯುತ್ತಿದೆ. ಆ ಡ್ರೈವರ್ ಈಗ ಬೇರೆ ಕಡೆ ಲಾರಿ ಓಡಿಸುತ್ತಾನಂತೆ. ಸಾಕ್ಷಿ ಹೇಳಲು ಬರುತ್ತೇನೆ ಅಂದಿದ್ದಾನೆ. ಮುಂದಿನ ತಾರೀಖಿಗೆ ಆ ವಾರದ ಡ್ಯೂಟಿ ಪುಸ್ತಕ ತರಬೇಕು ಅಂತ ಕೋರ್ಟ್ ಮಾಲೀಕರಿಗೆ ಹೇಳಿದೆ. ಭಾವ ಆವತ್ತು ಕೇಳಿದ್ದನ್ನೇ ಈಗ ಕೋರ್ಟೂ ಕೇಳುತ್ತಿದೆ.