ವಿಡಿಯೊ ರೆಫರಿ: ಇರಲಿ, ಬೇಡ

ಪ್ರಶ್ನೆ: ಪದೇ ಪದೇ ತಪ್ಪಿ, ಪದೇ ಪದೇ ಕ್ಷಮೆ ಕೇಳುವ ವಿಡಿಯೊ ತೀರ್ಪು (ವಿಎಆರ್: ಕೊಠಡಿಯಲ್ಲಿ ವಿಡಿಯೊ ನೋಡಿ ಮೈದಾನದ ರೆಫರಿಯ ಕಿವಿಗೆ ತಪ್ಪು ತಿಳಿಸುವ ವ್ಯವಸ್ಥೆ) ಫುಟ್‌ಬಾಲ್‌ಗೆ ಬೇಕೇ? ಕಲಬುರಗಿಯ ಇಬ್ಬರು ಬರೆದಿದ್ದಾರೆ.

ಪರ
ಹರಿದ ಬಲೆಯ ಋಣ
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ

ಪರವಾಗಿ ಬರೆಯಲು ಯಾರೂ ಸಿಗುತ್ತಿಲ್ಲ ಎಂದು ಸಂಪಾದಕರು ಫೋನಿನಲ್ಲಿ ಅಲವತ್ತುಕೊಂಡರು. ಮೂವತ್ತೊಂದು ವರ್ಷ ಸೀಟಿ ಊದಿದವರು ನೀವು, ನೀವೇ ಬರೆಯಬೇಕು ಎಂದರು. ಹೊಗಳಿಕೆಗೆ ಕರಗಿ ಹೂಂ ಎಂದುಬಿಟ್ಟೆ. ಮೊದಲೇ ಹೇಳಿಬಿಡುತ್ತೇನೆ, ವಿಎಆರ್ ಕಂಡರೆ ನನಗೆ ಅಂಥ ಪ್ರೀತಿಯೇನೂ ಇಲ್ಲ. ಗೋಲಾದ ಮೇಲೆ ರೆಫರಿ ಕಿವಿಗೆ ಬೆರಳಿಟ್ಟುಕೊಂಡು ನಿಂತರೆ ನಾನೂ ಎದ್ದು ಚಹಾ ಕಾಯಿಸಲು ಹೋಗುತ್ತೇನೆ. ಆದರೆ ಒಪ್ಪಿಕೊಂಡ ಕೆಲಸ ಮಾಡಬೇಕಲ್ಲ.

ವಿಎಆರ್ ಎಲ್ಲದರಲ್ಲೂ ಮೂಗು ತೂರಿಸುತ್ತದೆ ಎಂದು ಬೈಯುವವರು ನಿಯಮ ಓದಿಲ್ಲ. 2018ರಲ್ಲಿ ಅದು ಆಟದ ನಿಯಮಾವಳಿಗೆ ಸೇರಿದಾಗಲೇ ಗಡಿ ಹಾಕಿಕೊಟ್ಟಿದ್ದಾರೆ. ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡ್, ಒಬ್ಬನ ಬದಲು ಇನ್ನೊಬ್ಬನಿಗೆ ಕಾರ್ಡ್ ತೋರಿಸಿದ್ದು: ಆಗ ಈ ನಾಲ್ಕೇ. ಅದರಲ್ಲೂ ತಪ್ಪು ಎದ್ದು ಕಾಣುವಂತಿರಬೇಕು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ 2024ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಮೊದಲು ಶೇ 82ರಷ್ಟು ಸರಿ ಇರುತ್ತಿದ್ದ ಮುಖ್ಯ ತೀರ್ಪುಗಳು ವಿಎಆರ್ ಬಂದ ಮೇಲೆ ಶೇ 96ಕ್ಕೆ ಏರಿದ್ದವು. ನೂರಕ್ಕೆ ತೊಂಬತ್ತಾರು ಅಂಕ ತಂದ ಹುಡುಗನನ್ನು ಯಾರೂ ಶಾಲೆಯಿಂದ ಹೊರಗೆ ಹಾಕುವುದಿಲ್ಲ.

2024ರ ಜೂನ್ 11ರ ರಾತ್ರಿಯನ್ನು ಮರೆತವರು ಯಾರಿದ್ದಾರೆ? ದೋಹಾದಲ್ಲಿ ಕತಾರ್ ವಿರುದ್ಧ ಛಾಂಗ್ಟೆ ಹೊಡೆದ ಗೋಲಿನಿಂದ ಭಾರತ ಮುಂದಿತ್ತು. ಗೆದ್ದರೆ ವಿಶ್ವಕಪ್ ಅರ್ಹತೆಯ ಮೂರನೇ ಸುತ್ತು. 73ನೇ ನಿಮಿಷದಲ್ಲಿ ಚೆಂಡು ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ಅವರ ಕೈಜಾರಿ ಗೆರೆ ದಾಟಿ ಹೊರಗೆ ಹೋಯಿತು. ನಮ್ಮ ಆಟಗಾರರು ಆಟ ನಿಲ್ಲಿಸಿದರು. ಕತಾರಿನವನೊಬ್ಬ ಹೊರಗಿದ್ದ ಚೆಂಡನ್ನು ಹಿಮ್ಮಡಿಯಿಂದ ಒಳಗೆಳೆದ, ಇನ್ನೊಬ್ಬ ಗೋಲಿಗೆ ತಳ್ಳಿದ. ರೆಫರಿ ಗೋಲು ಕೊಟ್ಟರು. ಆ ಸುತ್ತಿನಲ್ಲಿ ವಿಎಆರ್ ಇರಲಿಲ್ಲ. ಸೋತದ್ದು 2–1ರಿಂದ. ನಮ್ಮ ಫೆಡರೇಷನ್ ದೂರು ಬರೆಯಿತು, ಫಲಿತಾಂಶ ಹಾಗೆಯೇ ಉಳಿಯಿತು. 1962ರಲ್ಲಿ ಏಷ್ಯನ್ ಕ್ರೀಡಾಕೂಟದ ಚಿನ್ನ ತಂದುಕೊಟ್ಟ ಫುಟ್‌ಬಾಲ್ ತರಬೇತುದಾರ, ಹೈದರಾಬಾದಿನ ರಹೀಂ ಸಾಹೇಬರು ತೀರಿಕೊಂಡದ್ದೂ ಜೂನ್ 11ರಂದೇ, 1963ರಲ್ಲಿ. ಅವರೂ ನನ್ನಂತೆ ಶಾಲಾ ಮೇಷ್ಟ್ರಾಗಿದ್ದವರು. ಇದಕ್ಕೂ ವಾದಕ್ಕೂ ಸಂಬಂಧವಿಲ್ಲ, ನೆನಪಾಯಿತು, ಬರೆದೆ.

ನಾನು ನಿಜವಾಗಿ ಹೇಳಬೇಕಾದದ್ದು ಬೇರೆ ಇದೆ. ತೊಂಬತ್ತರ ದಶಕದಲ್ಲಿ ಚಿತ್ತಾಪುರದ ಕಡೆ ತಾಲ್ಲೂಕು ಮಟ್ಟದ ಪ್ರೌಢಶಾಲಾ ಕ್ರೀಡಾಕೂಟ. ಎರೆಮಣ್ಣಿನ ಮೈದಾನ, ಸುಣ್ಣದ ಗೆರೆ. ಮಧ್ಯಾಹ್ನದ ಗಾಳಿಗೆ ಅರ್ಧ ಗೆರೆ ಹಾರಿಹೋಗಿತ್ತು. ಬಲೆ ಹಳೆಯದು, ಅಲ್ಲಲ್ಲಿ ಸುತಳಿ ಹಾಕಿ ಬಿಗಿದಿದ್ದರು. ಫೈನಲ್‌ನ ಕೊನೆಯ ಗಳಿಗೆಯಲ್ಲಿ ಬಲಗಡೆಯಿಂದ ಹೊಡೆದ ಚೆಂಡು ಬಲೆಯೊಳಗೆ ಬಿದ್ದದ್ದು ಕಂಡಿತು. ಸೂರ್ಯ ಕಣ್ಣಿಗೆ ನೇರವಾಗಿದ್ದ. ಸೀಟಿ ಊದಿ ಮಧ್ಯಗೆರೆಯತ್ತ ಕೈ ತೋರಿಸಿದೆ. ಬರಿಗಾಲಿನ ಗೋಲ್‌ಕೀಪರ್ ಹುಡುಗ ನನ್ನ ಹಿಂದೆಯೇ ಓಡಿ ಬಂದ. ‘ಸರ್, ಹೊರಗಿನಿಂದ ಬಂತು ಸರ್, ಬಂದು ನೋಡಿ ಸರ್’ ಎಂದು ಅಂಗಿಯ ತೋಳು ಹಿಡಿದ. ರೆಫರಿಯನ್ನು ಮುಟ್ಟಿದ್ದಕ್ಕೆ ಹಳದಿ ಕಾರ್ಡ್ ತೋರಿಸಿದೆ.

ಸಂಜೆ ಬಲೆ ಬಿಚ್ಚಿ ಸುತ್ತುವಾಗ ಪಕ್ಕದ ಬಲೆಯಲ್ಲಿ ಎರಡು ರೊಟ್ಟಿ ಅಗಲದ ತೂತು ಕೈಗೆ ಸಿಕ್ಕಿತು. ಸುತಳಿ ಹೊಸದಾಗಿ ಹರಿದಿತ್ತು. ತೂತಿನ ಹೊರ ಅಂಚಿಗೆ ಮಾತ್ರ ಕಪ್ಪು ಮಣ್ಣು ಮೆತ್ತಿಕೊಂಡಿತ್ತು. ಬಲೆಯನ್ನು ಸುತ್ತಿ ಗೋಣಿಚೀಲಕ್ಕೆ ತುಂಬಿ, ಫಲಿತಾಂಶದ ಹಾಳೆಗೆ ಸಹಿ ಹಾಕಿ ಬಸ್ ಹತ್ತಿದೆ.

2013ರ ಅಕ್ಟೋಬರ್‌ನಲ್ಲಿ ಜರ್ಮನಿಯಲ್ಲಿ ಅಚ್ಚು ಇಂಥದ್ದೇ ನಡೆಯಿತು. ಹೊಫೆನ್‌ಹೈಮ್ ವಿರುದ್ಧ ಲೆವರ್‌ಕುಸೆನ್‌ನ ಕೀಸ್ಲಿಂಗ್ ತಲೆಯಿಂದ ಹೊಡೆದ ಚೆಂಡು ಪಕ್ಕದ ಬಲೆಯ ತೂತಿನಿಂದ ಒಳಗೆ ಹೋಗಿ ಗೋಲಾಯಿತು. ಮರುಪಂದ್ಯ ಬೇಕೆಂದು ಕೇಳಿದರೂ ಕೊಡಲಿಲ್ಲ. ಟಿವಿಯಲ್ಲಿ ಆ ದೃಶ್ಯ ಬಂದಾಗ ನನ್ನ ಹೆಂಡತಿ ‘ಯಾಕೆ ಬೆವರುತ್ತಿದ್ದೀರಿ’ ಎಂದು ಕೇಳಿದಳು. ಅಂದು ಮೈದಾನದ ಆಚೆ ಒಂದು ಪರದೆ ಇದ್ದಿದ್ದರೆ ಆ ಹುಡುಗ ನನ್ನ ತೋಳು ಹಿಡಿಯಬೇಕಾಗಿರಲಿಲ್ಲ. ಇದು ವಿಎಆರ್ ಪರವಾದ ವಾದವೋ, ಶಾಲೆಗಳಿಗೆ ಹೊಸ ಬಲೆ ಕೊಡಿಸಬೇಕೆಂಬ ವಾದವೋ, ಸಂಪಾದಕರೇ ತೀರ್ಮಾನಿಸಲಿ.

ಇಂಗ್ಲೆಂಡಿನ ರೆಫರಿಗಳು ಕ್ಷಮೆ ಕೇಳಿದರೆ ಜನ ನಗುತ್ತಾರೆ. 2023ರಲ್ಲಿ ಲಿವರ್‌ಪೂಲ್ ತಂಡದ ಸರಿಯಾದ ಗೋಲೊಂದನ್ನು ತಪ್ಪಾಗಿ ರದ್ದು ಮಾಡಿದಾಗಿನ ಧ್ವನಿಮುದ್ರಣವನ್ನು ಅವರು ಮೂರನೇ ದಿನಕ್ಕೆ ಹೊರಗೆ ಬಿಟ್ಟರು. ನಾನು ಆ ತೂತಿನ ವಿಷಯ ಹೇಳುತ್ತಿರುವುದು ಇದೇ ಮೊದಲು. ಆ ಹುಡುಗನಿಗೆ ಈಗ ನಲವತ್ತು ದಾಟಿರಬೇಕು.

ವಿರೋಧ
ವಿಷಾದಿಸುತ್ತೇವೆ, ವಿಷಾದಿಸುತ್ತೇವೆ
ದಾಲ್ ಮಿಲ್ಲೊಂದರ ಲೆಕ್ಕಿಗ, ಲಿವರ್‌ಪೂಲ್ ಅಭಿಮಾನಿ

2023ರ ಸೆಪ್ಟೆಂಬರ್ 30, ಶನಿವಾರ, ರಾತ್ರಿ ಹತ್ತು ಗಂಟೆ. ಸೇಡಂ ರಸ್ತೆಯ ಬಾಡಿಗೆ ಕೋಣೆಯಲ್ಲಿ ನಾವು ಐದು ಜನ, ನಡುವೆ ಒಂದು ಲ್ಯಾಪ್‌ಟಾಪ್, ಪೇಪರ್ ತುಂಬ ಮಿರ್ಚಿ ಭಜಿ. ಟಾಟನ್‌ಹ್ಯಾಮ್ ಮೈದಾನ. ನಮ್ಮವನೊಬ್ಬ ಆಗಲೇ ಕೆಂಪು ಕಾರ್ಡ್ ಪಡೆದು ಹೊರಗಿದ್ದ. ಆದರೂ 34ನೇ ನಿಮಿಷದಲ್ಲಿ ಲೂಯಿಸ್ ಡಿಯಾಜ್ ಗೋಲು ಹೊಡೆದ. ನಾವು ಕೂಗಿದ ಕೂಗಿಗೆ ಕೆಳಗಿನ ಮನೆಯ ದೀಪ ಹತ್ತಿತು. ಮನೆ ಮಾಲೀಕರು ಮೆಟ್ಟಿಲ ಬಳಿ ಬಂದು ‘ಏನಪ್ಪಾ, ಗೆದ್ದಿರೇನು?’ ಎಂದರು. ಅಷ್ಟರಲ್ಲಿ ಲೈನ್ಸ್‌ಮನ್ ಬಾವುಟ ಎತ್ತಿದ್ದ. ‘ಇನ್ನೂ ನೋಡುತ್ತಿದ್ದಾರೆ ಕಾಕಾ’ ಎಂದೆ.

ನೋಡಿದರು. ಡಿಯಾಜ್ ಆಫ್‌ಸೈಡ್ (ಚೆಂಡು ಪಾಸಾಗುವ ಗಳಿಗೆಯಲ್ಲಿ ಎದುರಾಳಿ ರಕ್ಷಕರಿಗಿಂತ ಮುಂದೆ ನಿಂತಿರುವುದು) ಇರಲಿಲ್ಲ ಎಂಬುದು ಅವರ ಪರದೆಯ ಮೇಲೂ ಕಂಡಿತು. ಆದರೆ ವಿಡಿಯೊ ಕೊಠಡಿಯಲ್ಲಿದ್ದ ಡ್ಯಾರೆನ್ ಇಂಗ್ಲೆಂಡ್ ಎಂಬ ರೆಫರಿ, ಮೈದಾನದಲ್ಲಿ ಗೋಲು ಕೊಟ್ಟಾಗಿದೆ ಎಂದೇ ತಿಳಿದಿದ್ದರು. ಪರಿಶೀಲನೆ ಮುಗಿಯಿತು, ಎಲ್ಲ ಸರಿಯಿದೆ ಎಂದರು. ಮೈದಾನದ ರೆಫರಿಗೆ ಅದು ‘ಆಫ್‌ಸೈಡ್ ಸರಿಯಿದೆ’ ಎಂದು ಕೇಳಿಸಿತು. ಆಟ ಶುರುವಾಯಿತು. ಪರದೆ ತಿರುಗಿಸುವ ಹುಡುಗನಿಗೆ ಎಡವಟ್ಟು ಹೊಳೆದು, ಅಲ್ಲಿ ಆಫ್‌ಸೈಡ್ ಕೊಟ್ಟಿದ್ದಾರಲ್ಲ ಎಂದು ಎಚ್ಚರಿಸಿದ. ಆಟ ಮತ್ತೆ ಶುರುವಾಗಿದೆ, ಇನ್ನು ಏನೂ ಮಾಡಲಾಗದು ಎಂಬ ಉತ್ತರ ಬಂತು. ಕಣ್ಣು ಸರಿಯಾಗಿತ್ತು, ಯಂತ್ರ ಸರಿಯಾಗಿತ್ತು, ಗೆರೆ ಸರಿಯಾಗಿತ್ತು, ಗೋಲು ಮಾತ್ರ ಹೋಯಿತು. ಕೊನೆಗೆ ಒಂಬತ್ತು ಜನ ಉಳಿದ ನಮ್ಮ ತಂಡ 96ನೇ ನಿಮಿಷದಲ್ಲಿ ಸ್ವಂತ ಗೋಲು ಹಾಕಿಕೊಂಡು 2–1ರಿಂದ ಸೋತಿತು. ರೆಫರಿಗಳ ಸಂಸ್ಥೆ ‘ಮಹತ್ವದ ಮಾನವ ದೋಷ’ ಎಂದು ಹೇಳಿಕೆ ಕೊಟ್ಟಿತು. ತರಬೇತುದಾರ ಕ್ಲಾಪ್ ಮರುಪಂದ್ಯ ಆಡಿಸಿ ಎಂದದ್ದಕ್ಕೆ ದೊಡ್ಡವರೆಲ್ಲ ನಕ್ಕರು.

ನಾನು ಲೆಕ್ಕ ಬರೆಯುವವನು. ಕ್ಷಮೆಗಳನ್ನೂ ಬರೆದಿಟ್ಟಿದ್ದೇನೆ. 2023ರ ಫೆಬ್ರುವರಿ 11ರ ಒಂದೇ ದಿನ ಎರಡು ನಮೂದು. ಆರ್ಸೆನಲ್ ವಿರುದ್ಧ ಬ್ರೆಂಟ್‌ಫರ್ಡ್ ಹೊಡೆದ ಗೋಲಿಗೆ ಆಫ್‌ಸೈಡ್ ಗೆರೆ ಎಳೆಯುವುದನ್ನೇ ಮರೆತರು. ಬ್ರೈಟನ್ ಪಂದ್ಯದಲ್ಲಿ ಗೆರೆ ಎಳೆದರು, ಆದರೆ ಬೇರೆ ಡಿಫೆಂಡರ್‌ನ ಕಾಲಿಗೆ. ಅದೇ ವರ್ಷದ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಗೋಲ್‌ಕೀಪರ್ ಒನಾನಾ ವುಲ್ವ್ಸ್ ತಂಡದ ಆಟಗಾರನ ಮೇಲೆ ಬಿದ್ದರೂ ಪೆನಾಲ್ಟಿ ಕೊಡಲಿಲ್ಲ. ಪಂದ್ಯ ಮುಗಿದ ಮೇಲೆ ವುಲ್ವ್ಸ್ ತರಬೇತುದಾರನ ಬಳಿ ಕ್ಷಮೆ. 2020ರ ಜೂನ್‌ನಲ್ಲಿ ಚೆಂಡು ಗೋಲುಗೆರೆ ದಾಟಿತೇ ಎಂದು ನೋಡುವ ಯಂತ್ರದವರೇ ಕ್ಷಮೆ ಕೇಳಿದರು: ಆಸ್ಟನ್ ವಿಲ್ಲಾ ಗೋಲ್‌ಕೀಪರ್ ಚೆಂಡು ಹಿಡಿದುಕೊಂಡು ಗೆರೆಯ ಒಳಗೆ ಹೋಗಿದ್ದ, ಏಳು ಕ್ಯಾಮೆರಾಗಳಿಗೂ ಅಡ್ಡ ಬಂದಿತ್ತಂತೆ. ಗೋಲು ಕೊಡಲಿಲ್ಲ, ವಿಎಆರ್ ಕೂಡ ತುಟಿ ಬಿಚ್ಚಲಿಲ್ಲ. ಆ ಋತುವಿನಲ್ಲಿ ವಿಲ್ಲಾ ಲೀಗ್‌ನಲ್ಲಿ ಉಳಿದದ್ದು ಒಂದೇ ಒಂದು ಅಂಕದಿಂದ. ಬಲಗಡೆಯ ಕಾಲಂನಲ್ಲಿ ಕ್ಷಮೆಗೆ ಬದಲಾಗಿ ವಾಪಸ್ ಬಂದ ಅಂಕ ಬರೆಯಬೇಕು. ಉದ್ದಕ್ಕೂ ಸೊನ್ನೆ.

ಇನ್ನೊಂದು ಲೆಕ್ಕ. ಗಂಟೆಗೆ 36 ಕಿ.ಮೀ. ವೇಗದಲ್ಲಿ ಓಡುವವನು ಸೆಕೆಂಡಿಗೆ 10 ಮೀಟರ್ ಹೋಗುತ್ತಾನೆ. ಸೆಕೆಂಡಿಗೆ 50 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಅವನು 20 ಸೆಂ.ಮೀ. ದಾಟಿರುತ್ತಾನೆ. ಒಂದು ಗೇಣು! ಗೇಣು ತಪ್ಪುವ ಕೋಲು ಹಿಡಿದು ಹೆಬ್ಬೆರಳಿನ ಉಗುರು ಅಳೆದು ವರ್ಷಗಟ್ಟಲೆ ಗೋಲು ಕಿತ್ತುಕೊಂಡರು. ಈಗ ತನ್ನಷ್ಟಕ್ಕೆ ತಾನೇ ಗೆರೆ ಎಳೆಯುವ ಹೊಸ ಯಂತ್ರ ಬಂದಿದೆಯಂತೆ. ಬರಲಿ. ಅದರ ಕ್ಷಮಾಪಣೆಗೂ ಒಂದು ಪುಟ ಬಿಟ್ಟಿದ್ದೇನೆ.

ಅಳತೆಯ ಯಂತ್ರದ ಬಗ್ಗೆ ನಮ್ಮ ಜಿಲ್ಲೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನನ್ನ ಅಪ್ಪ ಆಳಂದ ತಾಲ್ಲೂಕಿನ ರೈತ. ಒಂದು ವರ್ಷ ರಾಶಿ ಮುಗಿಸಿ ಹದಿನೆಂಟು ಚೀಲ ತೊಗರಿಯನ್ನು ಟ್ರ್ಯಾಕ್ಟರ್‌ನಲ್ಲಿ ಹೇರಿಕೊಂಡು ಖರೀದಿ ಕೇಂದ್ರವೊಂದಕ್ಕೆ ಹೋದರು. ತೇವಾಂಶ ಶೇ 12ರ ಒಳಗಿರಬೇಕು. ಕೇಂದ್ರದ ಹುಡುಗ ಅಡಿಯ ಚೀಲದಿಂದ ಒಂದು ಹಿಡಿ ಕಾಳು ತೆಗೆದು ಮೀಟರಿಗೆ ಸುರಿದ. 12.6. ಮೇಲಿನ ಚೀಲದ್ದನ್ನೂ ನೋಡಪ್ಪ ಎಂದು ಅಪ್ಪ ಕೇಳಿದರು. ‘ಮಿಷನ್ ಹೇಳಿದ ಮೇಲೆ ಮುಗಿಯಿತು’ ಎಂದ. ಅಪ್ಪ ರಸ್ತೆ ಬದಿಯಲ್ಲಿ ತಾಡಪತ್ರಿ ಹಾಸಿ ಎರಡು ದಿನ ಕಾಳು ಹರವಿದರು. ರಾತ್ರಿ ದನ ಬಾಯಿ ಹಾಕದಂತೆ ಕೋಲು ಹಿಡಿದು ಅದರ ಪಕ್ಕದಲ್ಲೇ ಮಲಗಿದರು. ಮೂರನೇ ದಿನ 11.8 ಬಂತು. ಆ ಹೊತ್ತಿಗೆ ಕೇಂದ್ರದ ಬಾಗಿಲಿಗೆ ಕಾಗದ ಅಂಟಿಸಿದ್ದರು: ಗೋಣಿಚೀಲ ಮುಗಿದಿವೆ, ಅನನುಕೂಲಕ್ಕಾಗಿ ವಿಷಾದಿಸುತ್ತೇವೆ. ದಲಾಲರ ಅಂಗಡಿಯಲ್ಲಿ ಸಿಕ್ಕಷ್ಟಕ್ಕೆ ಮಾರಿ ಬಂದರು. ಆ ಕಾಗದದ ಕೆಳಗೆ ಯಾರ ಸಹಿಯೂ ಇರಲಿಲ್ಲ. ಇಂಗ್ಲೆಂಡಿನ ರೆಫರಿಗಳ ಸಂಸ್ಥೆಯ ಹೇಳಿಕೆ ಓದಿದಾಗ ನನಗೆ ಕಂಡದ್ದು ಅದೇ ಕಾಗದ.

ಕತಾರ್ ಪಂದ್ಯದ ಮಾತು ತೆಗೆಯುತ್ತಾರೆ ಎಂದು ಗೊತ್ತು. ಆ ರಾತ್ರಿ ನಾನೂ ಊಟ ಬಿಟ್ಟವನೇ. ಆದರೆ ಆ ಚೆಂಡು ಹೊರಗೆ ಹೋದದ್ದು ಗ್ಯಾಲರಿಯಲ್ಲಿ ಕಡಲೆಕಾಯಿ ಮಾರುವವನಿಗೂ ಕಂಡಿರುತ್ತದೆ. ಅಲ್ಲಿ ಬೇಕಾದದ್ದು ಕಣ್ಣು ತೆರೆದಿರುವ ಒಬ್ಬ ಲೈನ್ಸ್‌ಮನ್. ಒಬ್ಬನಿಗೆ ನಿದ್ದೆ ಬಂತೆಂದು ಊರಿಗೆಲ್ಲ ಕಾಫಿ ಕುಡಿಸಬೇಕೇ? ಕತಾರಿನ ವಿಷಯ ಇಷ್ಟು ಸಾಕು.

ಸ್ವೀಡನ್‌ನ ಲೀಗ್ ವಿಎಆರ್ ಬೇಡವೆಂದು 2024ರಲ್ಲಿ ಹೇಳಿತು, ಅಲ್ಲಿ ಫುಟ್‌ಬಾಲ್ ಇನ್ನೂ ನಡೆಯುತ್ತಿದೆ. ನಾರ್ವೆಯಲ್ಲಿ ಅದೇ ವರ್ಷ ಪ್ರೇಕ್ಷಕರು ಮೀನಿನ ವಡೆ ಎಸೆದು ಪಂದ್ಯವನ್ನೇ ನಿಲ್ಲಿಸಿದರು. ನಾವು ಮಿರ್ಚಿ ಭಜಿ ಎಸೆಯಬಹುದಿತ್ತು, ಮನಸ್ಸು ಬರಲಿಲ್ಲ. ಇಂಗ್ಲೆಂಡಿನಲ್ಲಿ ವಿಎಆರ್ ತೆಗೆಯಿರಿ ಎಂದು ವುಲ್ವ್ಸ್ ತಂದ ಪ್ರಸ್ತಾಪ 2024ರ ಜೂನ್‌ನಲ್ಲಿ 19–1 ಮತಗಳಿಂದ ಬಿದ್ದುಹೋಯಿತು. ಆ ಹತ್ತೊಂಬತ್ತರಲ್ಲಿ ನನ್ನ ಲಿವರ್‌ಪೂಲ್ ಕೂಡ ಇದೆ. ಇದನ್ನು ಬರೆಯುವಾಗ ಪೆನ್ನು ಒಮ್ಮೆ ನಿಂತಿತು. ಕ್ಲಬ್ಬಿನ ಮಾಲೀಕರ ಮತ ಬೇರೆ, ಮಧ್ಯರಾತ್ರಿ ಎದ್ದು ಕುಳಿತವನ ಮತ ಬೇರೆ. ನನ್ನನ್ನು ಯಾರೂ ಕೇಳಲಿಲ್ಲ.

ತಪ್ಪಿಗಿಂತ ಹೆಚ್ಚಾಗಿ ನನ್ನನ್ನು ಕೊಂದದ್ದು ಕಾಯುವುದು. 2022ರ ನವೆಂಬರ್‌ನಲ್ಲಿ ವಿಶ್ವಕಪ್‌ನಲ್ಲಿ ಸೌದಿ ಅರೇಬಿಯ ವಿರುದ್ಧ ಮೊದಲರ್ಧದಲ್ಲೇ ಅರ್ಜೆಂಟೀನಾದ ಮೂರು ಗೋಲು ಆಫ್‌ಸೈಡ್ ಎಂದು ರದ್ದಾದವು. ಮಧ್ಯಾಹ್ನ ಮೂರೂವರೆಯ ಪಂದ್ಯ, ಮಿಲ್ಲಿನಲ್ಲಿ ತೊಗರಿ ಧೂಳಿನ ನಡುವೆ ಮೊಬೈಲ್ ಹಿಡಿದು ನಿಂತಿದ್ದೆವು. ಮೂರು ಸಲ ಕೂಗಿ ಮೂರು ಸಲ ಬಾಯಿ ಮುಚ್ಚಿದ ಹಮಾಲರು ಎರಡನೇ ಅರ್ಧಕ್ಕೆ ಬರಲೇ ಇಲ್ಲ.

ಈಗ ಕೋಣೆಯಲ್ಲಿ ಒಂದು ಪದ್ಧತಿ ಬಂದುಬಿಟ್ಟಿದೆ. ಗೋಲಾದರೆ ಯಾರೂ ಏಳುವುದಿಲ್ಲ. ಐವರೂ ರೆಫರಿಯ ಕಿವಿ ನೋಡುತ್ತೇವೆ. ಮಧ್ಯಗೆರೆಯಿಂದ ಆಟ ಶುರುವಾದ ಮೇಲೆ ಒಬ್ಬನು ‘ಆಯಿತು’ ಎನ್ನುತ್ತಾನೆ, ಭಜಿ ಕೈಗೆ ಬರುತ್ತದೆ. ಮೊನ್ನೆ ಬಾಡಿಗೆ ಕೊಡಲು ಹೋದಾಗ ಕಾಕಾ ಹಣ ಎಣಿಸುತ್ತಾ ಕೇಳಿದರು: ‘ಯಾಕಪ್ಪಾ, ಆಟ ನೋಡುವುದು ಬಿಟ್ಟಿರೇನು? ಮೇಲಿನಿಂದ ಸದ್ದೇ ಇಲ್ಲ.’