ಟ್ರಾಲಪ್‌ನ ಗಡಿಯಾರ ಎಲ್ಲಿಂದ ಬಂತು?

ಗಡಿಯಾರ ಎದುರಿಗಿಟ್ಟು ಕಾಲು ಗಂಟೆಗೆ 250 ಪದ ಬರೆಯುವುದು. ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಆಂಥನಿ ಟ್ರಾಲಪ್ ಅಂದ ಕೂಡಲೇ ಜನಕ್ಕೆ ನೆನಪಾಗುವುದು ಇದೇ. ಬರೆಯುವವರಿಗೆ ಕಿವಿಮಾತು ಹೇಳುವ ಪೋಸ್ಟ್‌ಗಳಲ್ಲಿ ಅವನ ಹೆಸರು ಬರುವುದೂ ಇದಕ್ಕೇ. ಇನ್ನು ಕೆಲವರು, ಗಡಿಯಾರ ನೋಡ್ಕೊಂಡು ಬರೆದದ್ದೂ ಒಂದು ಸಾಹಿತ್ಯವಾ ಅಂತ ಮೂಗು ಮುರಿಯುತ್ತಾರೆ. ನನಗೆ ಇಬ್ಬರ ಮೇಲೂ ತಕರಾರಿದೆ. ಆ ಗಡಿಯಾರ ಅವನ ಮೇಜಿಗೆ ಹೇಗೆ ಬಂತು ಅಂತ ಇಬ್ಬರೂ ಕೇಳುವುದಿಲ್ಲ.

ಅದಕ್ಕೆ ಅವನ ಅಮ್ಮನಿಂದಲೇ ಶುರು ಮಾಡಬೇಕು. ಫ್ರಾನ್ಸಿಸ್ ಟ್ರಾಲಪ್ ಬರವಣಿಗೆಗೆ ಇಳಿದಾಗ ವಯಸ್ಸು ಐವತ್ತು ದಾಟಿತ್ತು. ಗಂಡನಿಗೆ ವಕೀಲಿಕೆ ಕೈಹತ್ತಲಿಲ್ಲ, ಬೇಸಾಯದಲ್ಲೂ ಕೈಸುಟ್ಟುಕೊಂಡ. 1834ರಲ್ಲಿ ಸಾಲ ಕೊಟ್ಟವರ ಕಾಟ ತಾಳಲಾರದೆ ಮನೆಮಂದಿಯೆಲ್ಲ ಇಂಗ್ಲೆಂಡ್ ಬಿಟ್ಟು ಬೆಲ್ಜಿಯಂನ ಬ್ರೂಜ್ ಊರಿಗೆ ಹೋದರು. ಅಲ್ಲಿ ಮಗ ಹೆನ್ರಿ ಕ್ಷಯದಿಂದ ಹಾಸಿಗೆ ಹಿಡಿದ. ಗಂಡನ ಆರೋಗ್ಯವೂ ಕೆಟ್ಟಿತು. ಈ ತಾಯಿ ರೋಗಿಗಳ ಆರೈಕೆ ಮಾಡುತ್ತ, ನಿದ್ದೆಗೆಟ್ಟು, ಕಾದಂಬರಿ ಬರೆದಳು. ಅದರ ದುಡ್ಡಿನಿಂದಲೇ ಮನೆ ನಡೆಯಬೇಕಿತ್ತು. ಅಮ್ಮನ ಕೋಣೆಯಲ್ಲಿ ಔಷಧಿ ಸೀಸೆಗೂ ಮಸಿ ಕುಡಿಕೆಗೂ ಸಮಾನ ಜಾಗವಿತ್ತು ಅಂತ ಆಂಥನಿ ಮುಂದೆ ಬರೆದಿದ್ದಾನೆ. ಬೆಳಗಿನ ಜಾವ ನಾಲ್ಕಕ್ಕೆಲ್ಲ ಎದ್ದು ಮೇಜಿನ ಮುಂದೆ ಕೂರುತ್ತಿದ್ದಳಂತೆ.

ಇದನ್ನು ಕಣ್ಣಾರೆ ಕಂಡ ಹುಡುಗ, ಸ್ಫೂರ್ತಿ ಬರಲಿ ಅಂತ ಕಾಯ್ತಾ ಕೂರ್ತಾನಾ?

ಹತ್ತೊಂಬತ್ತಕ್ಕೆ ಲಂಡನ್ನಿನ ಅಂಚೆ ಕಚೇರಿಯಲ್ಲಿ ಗುಮಾಸ್ತನಾದ. 1841ರಲ್ಲಿ ಐರ್ಲೆಂಡಿಗೆ ಹೋದ. ಹಳ್ಳಿಹಳ್ಳಿಗೂ ಕಾಗದ ತಲುಪಬೇಕು ಅಂತ ಕುದುರೆಯ ಮೇಲೆ ದಾರಿ ಅಳೆಯುತ್ತ ತಿರುಗಿದ. ಬ್ರಿಟನ್ನಿನ ರಸ್ತೆ ಬದಿಯಲ್ಲಿ ನಿಂತಿರುವ ಅಂಚೆ ಪೆಟ್ಟಿಗೆಗಳಿವೆಯಲ್ಲ, 1852ರಲ್ಲಿ ಜರ್ಸಿ ದ್ವೀಪದಲ್ಲಿ ಅವು ಬಂದದ್ದು ಇವನ ಸಲಹೆಯಿಂದಲೇ. ಇಷ್ಟೆಲ್ಲ ಓಡಾಟದ ನಡುವೆ ಬರೆಯುವುದು ಯಾವಾಗ? ರೈಲಿನಲ್ಲಿ. ತೊಡೆ ಮೇಲೆ ಪುಟ್ಟ ಹಲಗೆ ಇಟ್ಟುಕೊಂಡು ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದ. ಆಮೇಲೆ ಹೆಂಡತಿ ರೋಸ್ ಅದನ್ನೆಲ್ಲ ನಕಲು ಮಾಡಿ ಕೊಡುತ್ತಿದ್ದಳು. 1858ರಲ್ಲಿ ಅಂಚೆ ಕೆಲಸದ ಮೇಲೆ ಈಜಿಪ್ಟ್‌ಗೆ ಹೋಗುವಾಗ ಹಡಗು ಹೊಯ್ದಾಡಿ ಹೊಟ್ಟೆ ತೊಳಸುತ್ತಿತ್ತು. ಕಾಗದ ಮೇಜಿನ ಮೇಲೇ ಬಿಟ್ಟು ಓಡಿಹೋಗಿ ವಾಂತಿ ಮಾಡಬೇಕಾಗಿತ್ತು. ಆದರೂ ಬರವಣಿಗೆ ನಿಲ್ಲಲಿಲ್ಲ. ಆ ಪ್ರವಾಸದಲ್ಲೇ ಒಂದು ಕಾದಂಬರಿ ಮುಗಿಸಿ, ಮರುದಿನವೇ ಇನ್ನೊಂದಕ್ಕೆ ಕೈ ಹಾಕಿದ.

ಲಂಡನ್ ಬಳಿಯ ವಾಲ್ಥಮ್ ಕ್ರಾಸ್‌ನ ಮನೆಗೆ ಬಂದ ಮೇಲೆ, ಬೆಳಗ್ಗೆ ಐದೂವರೆಗೆ ಮೇಜಿನ ಮುಂದೆ ಇರಲೇಬೇಕು ಅನ್ನುವುದು ನಿಯಮ. ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದದ್ದನ್ನು ಓದುವುದಕ್ಕೆ. ಆಮೇಲೆ ಗಡಿಯಾರ ಎದುರಿಗಿಟ್ಟು ಬರೆಯುವುದು. ಎಂಟೂವರೆಗೆ ಮುಗಿಯಿತು. ತಿಂಡಿ ತಿಂದು ಅಂಚೆ ಕೆಲಸಕ್ಕೆ.

ಅವನನ್ನು ಎಬ್ಬಿಸಿ ಕಾಫಿ ಕೊಡುತ್ತಿದ್ದವನು ಕುದುರೆ ನೋಡಿಕೊಳ್ಳುವ ಮುದುಕ. ಅದಕ್ಕೆಂದೇ ವರ್ಷಕ್ಕೆ 5 ಪೌಂಡ್ ಜಾಸ್ತಿ ಸಂಬಳ. ಧಣಿ ಐದೂವರೆಗೆ ಮೇಜಿನ ಮುಂದೆ ಕೂರಬೇಕಾದರೆ ಆಳು ಎಷ್ಟು ಹೊತ್ತಿಗೆ ಏಳಬೇಕು, ನೀವೇ ಯೋಚಿಸಿ. ನನ್ನ ಯಶಸ್ಸಿನ ಋಣ ಬೇರೆ ಯಾರಿಗಿಂತಲೂ ಇವನಿಗೇ ಹೆಚ್ಚು ಸಲ್ಲಬೇಕೇನೋ ಅಂತ ಟ್ರಾಲಪ್ ಬರೆದಿದ್ದಾನೆ. ಆ ಮಾತಿಗೇ ನನಗೆ ಅವನ ಮೇಲೆ ಅಷ್ಟು ಪ್ರೀತಿ. ಅಮ್ಮ, ಹೆಂಡತಿ, ಈ ಮುದುಕ, ಮೂವರನ್ನೂ ಬಿಟ್ಟು 250 ಪದಗಳನ್ನಷ್ಟೇ ಎತ್ತಿಕೊಂಡರೆ ಅದು ಟ್ರಾಲಪ್‌ನ ಬದುಕೇ ಅಲ್ಲ.

1882ರಲ್ಲಿ ಅವನು ತೀರಿಕೊಂಡ. ಮರುವರ್ಷ ಆತ್ಮಕತೆ ಹೊರಬಂತು. ಅದರಲ್ಲಿ ಎಲ್ಲ ಲೆಕ್ಕ ಬಿಚ್ಚಿಟ್ಟಿದ್ದ. ಯಾವ ಪುಸ್ತಕಕ್ಕೆ ಎಷ್ಟು ದುಡ್ಡು ಬಂತು, ವಾರಕ್ಕೆ ಎಷ್ಟು ಪುಟ ಬರೆದೆ, ಎಲ್ಲವೂ. ಕಾದಂಬರಿ ಬರೆಯುವುದೂ ಚಪ್ಪಲಿ ಹೊಲಿಯುವುದೂ ಮೈಬಗ್ಗಿಸಿ ಮಾಡುವ ಕೆಲಸವೇ ಅಂತ ನೇರವಾಗಿ ಹೇಳಿದ. ಇದರಿಂದ ಅವನ ಹೆಸರಿಗೆ ಪೆಟ್ಟು ಬಿತ್ತು. ನನಗೆ ಇದು ದೊಡ್ಡ ಅನ್ಯಾಯ ಅನ್ನಿಸುತ್ತದೆ. ದುಡ್ಡಿಲ್ಲದ ಮನೆಯಲ್ಲಿ ಬೆಳೆದವನು ದುಡ್ಡಿನ ಮಾತಾಡಿದರೆ ಕಲೆ ಯಾಕೆ ಮೈಲಿಗೆಯಾಗಬೇಕು?

ಅಷ್ಟಕ್ಕೂ ಬರೆದದ್ದನ್ನು ಓದಿ ನೋಡಿ. 1855ರ 'ದಿ ವಾರ್ಡನ್'ನಲ್ಲಿ ಹಾರ್ಡಿಂಗ್ ಅನ್ನುವ ವಯಸ್ಸಾದ ಪಾದ್ರಿ ಇದ್ದಾನೆ. ಹನ್ನೆರಡು ಮಂದಿ ಬಡ ಮುದುಕರ ಆಶ್ರಮದ ಮೇಲ್ವಿಚಾರಕ. ಒಳ್ಳೆಯವನು, ಆದರೆ ತಾನು ಪಡೆಯುವ ಸಂಬಳ ಆ ಮುದುಕರಿಗೆ ಸೇರಬೇಕಾದದ್ದೇನೋ ಅನ್ನುವ ಪ್ರಶ್ನೆ ಅವನನ್ನು ಕೊರೆಯುತ್ತದೆ. ಚೆಲ್ಲೋ ವಾದ್ಯ ಅಂದರೆ ಅವನಿಗೆ ಪ್ರಾಣ. ಮನಸ್ಸಿಗೆ ಕಸಿವಿಸಿಯಾದಾಗಲೆಲ್ಲ, ವಾದ್ಯ ಇಲ್ಲದಿದ್ದರೂ ಕೈ ತಾನಾಗಿ ಗಾಳಿಯಲ್ಲಿ ಕಮಾನು ಎಳೆಯತೊಡಗುತ್ತದೆ. ಎದುರಿಗಿದ್ದವರಿಗೆ ಏನೆಂದು ತಿಳಿಯದು, ನಮಗೆ ಮಾತ್ರ ಅವನ ಸಂಕಟ ಪೂರ್ತಿ ಕಾಣುತ್ತದೆ. ಇಂಥದ್ದನ್ನು ಯಂತ್ರ ಬರೆಯುತ್ತಾ?

ಚಿಕ್ಕ ಪುಸ್ತಕ ಅದು. ಟ್ರಾಲಪ್‌ನನ್ನು ಓದಿಲ್ಲದವರು ಅದರಿಂದಲೇ ಶುರು ಮಾಡಿ. ಮೊದಲ ಕೆಲವು ಪುಟ ನಿಧಾನ, ಕೈಬಿಡಬೇಡಿ.